ಮಿಸ್ರಿಯಾಳಿಗೆ ಹೇಳಿದ ಸುಳ್ಳು

ಮೂಡುಬಿದಿರೆಯ ಕಾಲೇಜಿಗೆ ಸೇರಿದ ಮೂರನೆಯ ವಾರ ಸಾತ್ವಿಕಾಳ ಸರದಿ ಬಂತು. ಇಂಗ್ಲಿಷ್ ಪೀರಿಯಡ್‌ನಲ್ಲಿ ಒಬ್ಬೊಬ್ಬರೂ ಎದುರಿಗೆ ಹೋಗಿ ನಿಂತು ಎರಡು ನಿಮಿಷ ಮಾತಾಡಬೇಕಿತ್ತು. ಅವಳು ನೀರಿನ ಮಹತ್ವ ಎಂಬ ವಿಷಯ ಆರಿಸಿಕೊಂಡು, ಒಂದೂವರೆ ಪುಟ ಬರೆದು, ನಾಲ್ಕು ದಿನ ಕೂತು ಬಾಯಿಪಾಠ ಮಾಡಿದ್ದಳು. ಅಂದು ಬೆಳಿಗ್ಗೆ ಮಡಂತ್ಯಾರಿನಲ್ಲಿ ಬಸ್ಸು ಹತ್ತಿ, ಗುರುವಾಯನಕೆರೆಯಲ್ಲಿ ಇಳಿದು, ವೇಣೂರಿನ ದಾರಿಯಾಗಿ ಹೋಗುವ ಇನ್ನೊಂದು ಬಸ್ಸು ಹಿಡಿದು ಕಾಲೇಜು ಮುಟ್ಟುವವರೆಗೂ ಅವಳ ತುಟಿ ಅಲ್ಲಾಡುತ್ತಲೇ ಇತ್ತು. ಪಕ್ಕದ ಸೀಟಿನ ಹೆಂಗಸು ಇವಳು ಯಾವುದೋ ಸ್ತೋತ್ರ ಹೇಳುತ್ತಿದ್ದಾಳೆಂದುಕೊಂಡು ಸ್ವಲ್ಪ ಸರಿದು ಕೂತಳು.

ಮೊದಲ ವಾಕ್ಯ ಸರಿಯಾಗಿಯೇ ಬಂತು. "ಗುಡ್ ಮಾರ್ನಿಂಗ್ ಟು ಒನ್ ಆ್ಯಂಡ್ ಆಲ್." ಆಮೇಲೆ ಏನೂ ಬರಲಿಲ್ಲ. ಅರುವತ್ತೆರಡು ಮುಖಗಳು ಅವಳನ್ನೇ ನೋಡುತ್ತಿದ್ದವು. ಬರೆದಿಟ್ಟ ಪುಟ ಕಣ್ಣಿಗೆ ಕಾಣುತ್ತಿತ್ತು, ಮೂರನೇ ಸಾಲಿನಲ್ಲಿ ಹೊಡೆದು ಹಾಕಿದ ಶಬ್ದವೂ ಕಾಣುತ್ತಿತ್ತು, ಆದರೆ ಅಲ್ಲಿದ್ದ ಅಕ್ಷರಗಳನ್ನು ಓದಲಾಗುತ್ತಿರಲಿಲ್ಲ. ಮೇಷ್ಟ್ರು ಮೆಲ್ಲಗೆ, ನಿಧಾನವಾಗಿ ಹೇಳಮ್ಮ, ಅವಸರವೇನಿಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿದರು. ಆ ಮೃದುತನವೇ ಅವಳನ್ನು ಇನ್ನಷ್ಟು ಕಂಗೆಡಿಸಿತು. ಕೊನೆಗೆ ಬಾಯಿಯಿಂದ ತನ್ನಷ್ಟಕ್ಕೆ ಹೊರಬಿದ್ದದ್ದು ಮನೆಯ ತುಳು.

"ಎಂಕ್ ಬರ್ಪುಜಿ ಸರ್."

ನನಗೆ ಬರುವುದಿಲ್ಲ ಸರ್. ಅಷ್ಟೇ. ತರಗತಿ ಘೊಳ್ಳೆಂದಿತು. ಹೊರಗಿನ ಊರಿನವರಿಗೆ ಆ ಮಾತಿನ ಅರ್ಥವೇ ಗೊತ್ತಿರಲಿಲ್ಲ. ನಕ್ಕವರೆಲ್ಲ ಮನೆಯಲ್ಲಿ ತುಳುವಿನಲ್ಲೇ ಅನ್ನ ಕೇಳುವವರು. ಅದರಿಂದ ಅವಳಿಗೆ ಹೆಚ್ಚು ನೋವಾಯಿತು. ಮರುದಿನ ಕಾರಿಡಾರಿನಲ್ಲಿ ನಡೆಯುವಾಗ ಹಿಂದಿನಿಂದ ಯಾರೋ "ಎಂಕ್ ಬರ್ಪುಜಿ" ಎಂದರು. ಕ್ಯಾಂಟೀನಿನಲ್ಲಿ ಇನ್ನೊಬ್ಬ ಹೇಳಿದ. ತಮಾಷೆಗೆ ಹೇಳಿದ್ದಿರಬೇಕು, ನಾಲ್ಕು ದಿನ ನಕ್ಕು ಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಸಾತ್ವಿಕಾಳಿಗೆ ನಗುವುದಕ್ಕೆ ಆಗಲಿಲ್ಲ.

ಅವಳು ಹತ್ತನೇ ತರಗತಿಯವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತವಳು. ಆ ಶಾಲೆಗೇ ಮೊದಲಿಗಳು. ಪಿಯುಸಿಯಲ್ಲಿ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಪುಂಜಾಲಕಟ್ಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು, ಇವಳು ಬಾಯಿಪಾಠ ಮಾಡಿ ತೊಂಬತ್ತೆರಡು ಪರ್ಸೆಂಟ್ ತೆಗೆದಿದ್ದಳು. ತಾನು ಬುದ್ಧಿವಂತೆ ಎಂಬುದರಲ್ಲಿ ಅವಳಿಗೆ ಅದುವರೆಗೆ ಒಂದು ದಿನವೂ ಸಂಶಯ ಬಂದಿರಲಿಲ್ಲ.

ಮುಂದಿನ ವಾರ ಇಂಗ್ಲಿಷ್ ಪೀರಿಯಡ್‌ಗೆ ಮಾತ್ರ ಹೋಗಲಿಲ್ಲ. ಆಮೇಲೆ, ಅದೇ ಮುಖಗಳು ಕೆಮಿಸ್ಟ್ರಿಯಲ್ಲೂ ಇರುತ್ತವಲ್ಲ ಎಂದು ಅದಕ್ಕೂ ಹೋಗಲಿಲ್ಲ. ಆಗಸ್ಟ್ ಮುಗಿಯುವಾಗ ಕಾಲೇಜಿನ ಗೇಟಿನ ಒಳಗೆ ಕಾಲಿಡುವುದೇ ನಿಂತುಹೋಯಿತು.

ಆದರೆ ಮನೆಯಿಂದ ಹೊರಡುವುದು ನಿಲ್ಲಲಿಲ್ಲ. ಅಮ್ಮ ಶಶಿಪ್ರಭಾ ಐದೂವರೆಗೆ ಎದ್ದು ಬುತ್ತಿ ಕಟ್ಟುತ್ತಿದ್ದಳು. ಸಾತ್ವಿಕಾ ಅದನ್ನು ಬ್ಯಾಗಿಗೆ ಹಾಕಿಕೊಂಡು ಅದೇ ಬಸ್ಸುಗಳನ್ನು ಹಿಡಿದು ಮೂಡುಬಿದಿರೆಯಲ್ಲಿ ಇಳಿದು, ಕಾಲೇಜಿನ ದಾರಿ ಬಿಟ್ಟು ಇನ್ನೊಂದು ದಾರಿಯಲ್ಲಿ ನಡೆದು, ಒಂದು ಆಸ್ಪತ್ರೆಯ ಹೊರರೋಗಿಗಳ ಹಾಲ್‌ನಲ್ಲಿ ಹೋಗಿ ಕೂರುತ್ತಿದ್ದಳು. ಮೊದಲು ಬಸದಿಯ ಹತ್ತಿರ ಕೂತು ನೋಡಿದಳು, ಅಲ್ಲಿ ಪ್ರವಾಸಿಗರು ಫೋಟೋ ತೆಗೆದುಕೊಡಿ ಎಂದು ಕೇಳುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಗುತ್ತಿದ್ದರು. ಆಸ್ಪತ್ರೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಫ್ಯಾನ್ ಇತ್ತು, ಕುಡಿಯುವ ನೀರಿತ್ತು. ನಂಬರ್ ಕರೆಯುವಾಗ ಎಲ್ಲರ ಜೊತೆ ಅವಳೂ ತಲೆ ಎತ್ತುತ್ತಿದ್ದಳು, ಆಮೇಲೆ ಪುಸ್ತಕ ನೋಡುತ್ತಿದ್ದಳು. ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ ಒಂದಗಳೂ ಬಿಡದೆ ತಿನ್ನುತ್ತಿದ್ದಳು. ಸಂಜೆ ಅಮ್ಮ "ಇವತ್ತು ಎಂತ ಪಾಠ ಆಯ್ತು?" ಎಂದು ಕೇಳಿದರೆ ಪುಸ್ತಕದ ಯಾವುದೋ ಅಧ್ಯಾಯದ ಹೆಸರು ಹೇಳುತ್ತಿದ್ದಳು. ಅಮ್ಮನಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಪೂರ್ತಿ ಕೇಳುತ್ತಿದ್ದಳು.

ಸೆಪ್ಟೆಂಬರಿನ ಒಂದು ದಿನ ಆ ಹಾಲ್‌ನಲ್ಲಿ, ತಲೆಯ ಮೇಲಿಂದಲೇ ಸ್ವರ ಕೇಳಿತು.

"ಸಾತ್ವಿಕಾ ಅಲ್ವಾ? ನೀನೆಂತ ಇಲ್ಲಿ?"

ರಾಮಪ್ರಸಾದ್ ಮಾಸ್ಟ್ರು. ಊರಿನ ಶಾಲೆಯಲ್ಲಿ ಅವಳಿಗೆ ಮೂರು ವರ್ಷ ಇಂಗ್ಲಿಷ್ ಕಲಿಸಿದವರು, ಈಗಲೂ ಅಲ್ಲೇ ಇರುವವರು. ಹೆಂಡತಿಯನ್ನು ಶುಗರ್ ಪರೀಕ್ಷೆಗೆ ಕರೆದುಕೊಂಡು ಬಂದಿದ್ದರು.

"ಫ್ರೆಂಡಿಗೆ ಜ್ವರ ಸರ್. ಒಳಗೆ ಹೋಗಿದ್ದಾಳೆ" ಎಂದಳು ಸಾತ್ವಿಕಾ. ಇಷ್ಟು ಸಲೀಸಾಗಿ ಬಂದ ಸುಳ್ಳಿಗೆ ಅವಳಿಗೇ ಗಾಬರಿಯಾಯಿತು.

ಮಾಸ್ಟ್ರು ಹೆಂಡತಿಯ ಕಡೆ ತಿರುಗಿ, "ನಾನು ಹೇಳ್ತಾ ಇರ್ತೇನಲ್ಲ, ಹಿಟ್ಟಿನ ಮಿಲ್ಲಿನ ಮುಂಡಪ್ಪಣ್ಣನ ಮಗಳು, ಇವಳೇ" ಎಂದರು. ಆಮೇಲೆ ಏನೋ ಹೊಳೆದವರಂತೆ, "ನೀನು ಸಿಕ್ಕಿದ್ದು ಒಳ್ಳೆಯದಾಯ್ತು ನೋಡು. ಈ ಸಲದ ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಅಂದ್ರೆ ಜೀವವೇ ಹೋಗ್ತದೆ. ನಾನು ಹೇಳಿದ್ರೆ ಪಾಠದ ಹಾಗೆ ಆಗ್ತದೆ. ಶನಿವಾರ ಬಂದು ನೀನು ಹತ್ತು ನಿಮಿಷ ಮಾತಾಡು. ನಮ್ಮ ಶಾಲೆಯಿಂದಲೇ ಹೋಗಿ ದೊಡ್ಡ ಕಾಲೇಜಿನಲ್ಲಿ ಹೇಗೆ ನಿಭಾಯಿಸಿದೆ ಅಂತ ಹೇಳು."

"ಸರ್, ಶನಿವಾರ ನನಗೆ..."

"ಅರ್ಧ ದಿನ ಅಲ್ವಾ ಮಾರಾಯ್ತಿ. ಬಾ."

ಅವಳು ಹೋದಳು. ಹೋಗುವ ದಾರಿಯಲ್ಲಿ ಎರಡು ಸಲ ಹಿಂದೆ ತಿರುಗಿದ್ದಳು. ಶಾಲೆಯಲ್ಲಿ ಮಾಸ್ಟ್ರು ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಅವಳ ಹೆಸರು ಬರೆಸಿದ್ದರು. ಮೂವತ್ತೆಂಟು ಮಕ್ಕಳು ಎದ್ದು ನಿಂತು ನಮಸ್ತೆ ಅಕ್ಕಾ ಎಂದರು. ತಾನು ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಚೆನ್ನಾಗಿ ಓದಿ, ಹೆದರಬೇಡಿ ಎಂದು ನಾಲ್ಕು ಮಾತು ಹೇಳಿ ಮುಗಿಸಿಬಿಡುವ ಎಂದಿದ್ದಳು. ಮಾತು ಮುಗಿಯುವಾಗ ಎರಡನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಮಡಂತ್ಯಾರಿನಲ್ಲಿ ಮೀನಿನ ವ್ಯಾಪಾರ ಮಾಡುವ ಅಶ್ರಫ್‌ರ ಮಗಳು, ಮಿಸ್ರಿಯಾ.

"ಅಕ್ಕ, ಕಾಲೇಜಿನಲ್ಲಿ ಎಲ್ಲರ ಎದುರು ಇಂಗ್ಲಿಷಿನಲ್ಲಿ ಮಾತಾಡ್ಲಿಕ್ಕೆ ಉಂಟಂತೆ. ನಿಮಗೆ ಮರೆತು ಹೋಗ್ಲಿಲ್ವಾ?"

ಸಾತ್ವಿಕಾ ಬಾಗಿಲಿನ ಹತ್ತಿರ ನಿಂತಿದ್ದ ಮಾಸ್ಟ್ರನ್ನು ನೋಡಿದಳು. ಅವರ ಮುಖ ಅರಳಿಕೊಂಡಿತ್ತು.

"ಮರೆತು ಹೋಯ್ತು" ಎಂದಳು. "ಒಂದು ವಾಕ್ಯ ಹೇಳಿದ ಮೇಲೆ ಪೂರ್ತಿ ಮರೆತು ಹೋಯ್ತು."

"ಮತ್ತೆ ಎಂತ ಮಾಡಿದ್ರಿ?"

ಅಲ್ಲಿಯವರೆಗೆ ಹೇಳಿದ್ದು ನಿಜ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಸುಮ್ಮನೆ ನಕ್ಕೆ" ಎಂದಳು. "ಉಸಿರು ಎಳೆದುಕೊಂಡು, ಹತ್ತರವರೆಗೆ ಎಣಿಸಿದೆ. ಎಲ್ಲ ವಾಪಸ್ ಬಂತು. ಮುಗಿಯುವಾಗ ಇಡೀ ಕ್ಲಾಸು ಚಪ್ಪಾಳೆ ತಟ್ಟಿತು." ಮಾತು ನೀರಿನ ಹಾಗೆ ಹರಿಯುತ್ತಿತ್ತು. ಮಕ್ಕಳು ಕಣ್ಣು ಬಿಟ್ಟು ಕೇಳುತ್ತಿದ್ದರು. ಕಾಲೇಜಿನ ಮೇಷ್ಟ್ರು ಬಂದು ಕೈ ಕುಲುಕಿದರು ಎಂದೂ ಸೇರಿಸಿದಳು. ಮಿಸ್ರಿಯಾ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಮಾಸ್ಟ್ರು ಮುಂದೆ ಬಂದು, "ಕೇಳಿದಿರಾ? ನಗುವುದು, ಹತ್ತರವರೆಗೆ ಎಣಿಸುವುದು. ಅಷ್ಟೇ" ಎಂದರು.

ಹಿಂದಿರುಗುವಾಗ ಸಾತ್ವಿಕಾಳ ಕಿವಿ ಬಿಸಿಯಾಗಿ ಉರಿಯುತ್ತಿತ್ತು. ತರಗತಿಯಲ್ಲಿ ತುಳು ಮಾತಾಡಿ ನಗೆಪಾಟಲಾದ ದಿನವೂ ಅಷ್ಟು ಉರಿದಿರಲಿಲ್ಲ.

ಅಕ್ಟೋಬರಿನಲ್ಲಿ ಒಂದು ಸಂಜೆ ಅಪ್ಪ ಮುಂಡಪ್ಪ ಮಿಲ್ಲು ಮುಚ್ಚಿ ಮನೆಗೆ ಬಂದು, ಹುಬ್ಬಿನ ಮೇಲಿನ ಅಕ್ಕಿಹಿಟ್ಟನ್ನೂ ಒರೆಸಿಕೊಳ್ಳದೆ ಜಗಲಿಯಲ್ಲಿ ಕೂತು ಫೋನನ್ನು ಅವಳ ಕಡೆ ಚಾಚಿದರು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ.

"ಕಾಲೇಜಿನಿಂದ ಎಂತದೋ ಬಂದಿದೆ. ಓದು ನೋಡುವ."

ನಿಮ್ಮ ಮಗಳ ಹಾಜರಿ ಮೂವತ್ತೊಂದು ಪರ್ಸೆಂಟ್, ಪೋಷಕರು ಕೂಡಲೇ ವಿಭಾಗದ ಮುಖ್ಯಸ್ಥರನ್ನು ಕಾಣಬೇಕು ಎಂದಿತ್ತು. ಸಾತ್ವಿಕಾ ಅದನ್ನು ಎರಡು ಸಲ ಓದಿದಳು.

"ಪರೀಕ್ಷೆಯ ಟೈಮ್‌ಟೇಬಲ್ ಪಪ್ಪಾ."

ಮುಂಡಪ್ಪ ಫೋನನ್ನು ವಾಪಸು ತೆಗೆದುಕೊಂಡು ಕಿಸೆಗೆ ಹಾಕಿದರು.

"ರಾಮಪ್ರಸಾದ್ ಮಾಸ್ಟ್ರು ರಾಗಿ ಬೀಸಿಸ್ಲಿಕ್ಕೆ ಬಂದಿದ್ರು. ಅವರ ಹತ್ರ ಓದಿಸಿದೆ. ಅವರು ಬೇರೆ ಓದಿದ್ರು."

ಅಷ್ಟು ಹೇಳಿ ಎದ್ದು ಬಚ್ಚಲಿಗೆ ಹೋದರು. ಬೈಯಲಿಲ್ಲ. ಒಳಗೆ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಎಂದಿನಂತೆ ಬುತ್ತಿ ಕಟ್ಟಿದಳು, ಆದರೆ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು ದನದ ಹಟ್ಟಿಗೆ ಹೋದಳು.

ಮುಂಡಪ್ಪ ಮದುವೆ ಮುಂಜಿಗೆ ಹಾಕುವ ಬಿಳಿ ಅಂಗಿ ತೊಟ್ಟಿದ್ದರು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬಸ್ಸು ವೇಣೂರು ದಾಟಿದ ಮೇಲೆ ಅವರು, "ಯಾರಾದ್ರೂ ಉಪದ್ರ ಕೊಟ್ರಾ?" ಎಂದು ಕೇಳಿದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವರು ಮತ್ತೆ ಕೇಳಲಿಲ್ಲ.

ವಿಭಾಗದ ಮುಖ್ಯಸ್ಥೆ ಐವತ್ತರ ಹತ್ತಿರದ ಹೆಂಗಸು. ರಿಜಿಸ್ಟರ್ ಬಿಡಿಸಿಟ್ಟುಕೊಂಡು, "ಕಾರಣ ಎಂತ?" ಎಂದು ಸಾತ್ವಿಕಾಳನ್ನು ಕೇಳಿದರು. ಸಾತ್ವಿಕಾ ನೆಲ ನೋಡುತ್ತಿದ್ದಳು. ಆಗ ಮುಂಡಪ್ಪ ಎದ್ದು ನಿಂತರು.

"ಅವಳದ್ದು ತಪ್ಪಿಲ್ಲ ಮೇಡಂ. ಮಿಲ್ಲಿನಲ್ಲಿ ಕೆಲಸಕ್ಕೆ ಜನ ಸಿಗುವುದಿಲ್ಲ. ನಾನೇ ಅವಳನ್ನು ನಿಲ್ಲಿಸಿಕೊಂಡದ್ದು."

ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತೊಂಬತ್ತೆರಡು ಪರ್ಸೆಂಟ್ ತೆಗೆದ ಹುಡುಗಿಯನ್ನು ಹಿಟ್ಟು ಬೀಸ್ಲಿಕ್ಕೆ ಇಟ್ಟುಕೊಂಡ್ರಾ? ನಿಮಗೆ ಸ್ವಲ್ಪವೂ ನಾಚಿಕೆ ಆಗುವುದಿಲ್ವಾ? ಹೆಣ್ಣುಮಕ್ಕಳು ಅಂದ್ರೆ ಇಷ್ಟು ಸದರವಾ?"

"ತಪ್ಪಾಯ್ತು ಮೇಡಂ" ಎಂದರು ಮುಂಡಪ್ಪ. ತಲೆ ತಗ್ಗಿಸಿಕೊಂಡು, ಕೈ ಕಟ್ಟಿಕೊಂಡು ನಿಂತಿದ್ದರು. ಸಾತ್ವಿಕಾ ಕಾಲೇಜಿಗೆ ಸೇರಿದ ದಿನದಿಂದ ಮಿಲ್ಲಿನ ಕಡೆ ಬರುವುದೇ ಬೇಡ, ಧೂಳಿಗೆ ಕೆಮ್ಮು ಬರ್ತದೆ ಎಂದವರು ಅವರು. ಮೂರು ಕಾಳು ಕಡಿಮೆಯಾದರೂ ಗಿರಾಕಿಗೆ ತಾನೇ ಹೇಳುವ ಮನುಷ್ಯ. ಮುಖ್ಯಸ್ಥೆ ಇನ್ನೂ ಬೈಯುತ್ತಿದ್ದರು. ಬಾಗಿಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಫೈಲು ಹಿಡಿದು ನಿಂತು ಕೇಳುತ್ತಿದ್ದರು.

"ಸುಳ್ಳು ಮೇಡಂ" ಎಂದಳು ಸಾತ್ವಿಕಾ.

ಅವಳ ಸ್ವರ ಅವಳಿಗೇ ಗುರುತು ಸಿಗಲಿಲ್ಲ. "ಪಪ್ಪ ಸುಳ್ಳು ಹೇಳ್ತಿದ್ದಾರೆ. ಅವರಿಗೆ ನಿನ್ನೆಯವರೆಗೆ ಗೊತ್ತೇ ಇರ್ಲಿಲ್ಲ. ನಾನು ದಿನಾ ಮನೆಯಿಂದ ಹೊರಟು ಆಸ್ಪತ್ರೆಯಲ್ಲಿ ಹೋಗಿ ಕೂರ್ತಿದ್ದೆ. ನನಗೆ ಇಂಗ್ಲಿಷಿನಲ್ಲಿ ಮಾತಾಡ್ಲಿಕ್ಕೆ ಬರ್ಲಿಲ್ಲ, ಎಲ್ಲರೂ ನಕ್ಕರು. ಅದಕ್ಕೆ."

ಅದಕ್ಕೆ ಎಂದು ಹೇಳಿದಾಗ ಆ ಕಾರಣ ಎಷ್ಟು ಸಣ್ಣದೆಂದು ಅವಳಿಗೇ ಅನಿಸಿತು. ಮುಖ್ಯಸ್ಥೆ ರಿಜಿಸ್ಟರ್ ಮುಚ್ಚಿದರು. ಮುಂಡಪ್ಪನವರ ಕಡೆ ತಿರುಗಿ, "ಕೂತುಕೊಳ್ಳಿ" ಎಂದರು, ಬೇರೆಯೇ ಸ್ವರದಲ್ಲಿ. ಅವರು ಕೂರಲಿಲ್ಲ.

ಹೊರಗೆ ಬಂದ ಮೇಲೆ ನಲ್ಲಿಯ ಹತ್ತಿರ ಮುಂಡಪ್ಪ ಮುಖ ತೊಳೆದುಕೊಂಡರು. "ನನ್ನನ್ನು ಬೈದ್ರೆ ಎಂತ ಆಗ್ತದೆ? ನಾಳೆ ಮರೆತು ಹೋಗ್ತದೆ. ನೀನು ಯಾಕೆ ಹೇಳಿದ್ದು?" ಎಂದರು. ಸಾತ್ವಿಕಾ ಅಲ್ಲಿಯೇ ನಿಂತು ಅತ್ತಳು. ಅವರು ಕರ್ಚೀಫು ಕೊಟ್ಟು, ಮಿಲ್ಲು ತೆರೆಯಲು ತಡವಾಯಿತೆಂದು ಬಸ್ಸಿಗೆ ಹೋದರು.

ಆ ಸೆಮಿಸ್ಟರಿನಲ್ಲಿ ಎರಡು ವಿಷಯಗಳ ಪರೀಕ್ಷೆಗೆ ಕೂರಲು ಅವಳಿಗೆ ಅನುಮತಿ ಸಿಗಲಿಲ್ಲ. ಉಳಿದದ್ದಕ್ಕೆ ವಿಶೇಷ ತರಗತಿಗೆ ಹಾಜರಾಗಬೇಕೆಂದಾಯಿತು. ಅವಳು ತರಗತಿಗೆ ಹೋಗತೊಡಗಿದಳು. ಮೊದಲ ದಿನ ಕಾರಿಡಾರಿನಲ್ಲಿ ಆ ಹಳೆಯ ತಮಾಷೆ ಕೇಳುತ್ತದೆಂದು ಹೆಗಲು ಬಿಗಿ ಮಾಡಿಕೊಂಡು ನಡೆದಳು. ಯಾರೂ ಹೇಳಲಿಲ್ಲ. ಹೆಚ್ಚಿನವರು ಅದನ್ನು ಎಂದೋ ಮರೆತಿದ್ದರು, ಕೆಲವರಿಗೆ ಅವಳ ಹೆಸರೂ ಮರೆತಿತ್ತು. ಇದಕ್ಕಾಗಿ ಎರಡು ತಿಂಗಳು ಆಸ್ಪತ್ರೆಯ ಬೆಂಚಿನಲ್ಲಿ ಕೂತೆನಲ್ಲ ಎಂದು ಅವಳಿಗೆ ಇನ್ನಷ್ಟು ನಾಚಿಕೆಯಾಯಿತು. ಇಂಗ್ಲಿಷ್ ಮೇಷ್ಟ್ರು ಮತ್ತೆ ಎದುರಿಗೆ ಕರೆದಾಗ ಚೀಟಿ ಹಿಡಿದುಕೊಂಡು ಹೋಗಿ, ತಲೆ ಎತ್ತದೆ, ನಡುಗುತ್ತಾ ಆರು ವಾಕ್ಯ ಓದಿ ಬಂದು ಕೂತಳು. ಚೆನ್ನಾಗಿರಲಿಲ್ಲ. ಆದರೆ ಮುಗಿಯಿತು.

ನವೆಂಬರಿನ ಕೊನೆಗೆ ರಾಮಪ್ರಸಾದ್ ಮಾಸ್ಟ್ರು ಫೋನ್ ಮಾಡಿದರು. ಆ ಸಂದೇಶ ಓದಿದಂದಿನಿಂದ ಅವರು ಮಿಲ್ಲಿನ ಕಡೆ ಬಂದಿರಲಿಲ್ಲ.

"ನೀನು ಹೇಗಿದ್ದಿ ಅಂತ ಕೇಳ್ಲಿಕ್ಕೆ ಮಾಡಿದ್ದಲ್ಲ" ಎಂದರು, ಸ್ವಲ್ಪ ಬಿಗಿಯಾಗಿ. "ಮಿಸ್ರಿಯಾ ಗೊತ್ತುಂಟಲ್ಲ? ಅವಳು ಕನ್ನಡ ಭಾಷಣದಲ್ಲಿ ಪ್ರತಿ ವರ್ಷ ಬೆಳ್ತಂಗಡಿಯಲ್ಲಿ ತಾಲೂಕಿಗೆ ಪ್ರೈಝ್ ತೆಗೆಯುವ ಹುಡುಗಿ. ನೀನು ಬಂದು ಹೋದ ಮೇಲೆ ಹಠ ಹಿಡಿದು ಇಂಗ್ಲಿಷಿಗೆ ಹೆಸರು ಕೊಟ್ಟಳು. ಮೊನ್ನೆ ಸ್ಟೇಜಿನಲ್ಲಿ ಮರೆತು ಹೋಯ್ತು. ನಕ್ಕಳು. ಹತ್ತರವರೆಗೆ ಎಣಿಸಿದಳು. ನನಗೆ ಕೆಳಗೆ ಕೂತು ಅವಳ ತುಟಿ ಕಾಣ್ತಿತ್ತು. ಎಂತದೂ ಬರ್ಲಿಲ್ಲ. ಮತ್ತೊಮ್ಮೆ ಎಣಿಸಿದಳು. ಕೊನೆಗೆ ಬೆಲ್ ಹೊಡೆದು ಕೆಳಗೆ ಇಳಿಸಿದ್ರು."

"ನಾನು ಬರ್ತೇನೆ ಸರ್" ಎಂದಳು ಸಾತ್ವಿಕಾ.

"ನನಗೂ ಹೇಳ್ಲಿಕ್ಕೆ ಉಂಟು" ಎಂದರು ಅವರು, ತಡೆದು. "ಆಸ್ಪತ್ರೆಯಲ್ಲಿ ನಿನ್ನ ಮುಖ ನೋಡಿದಾಗಲೇ ನನಗೆ ಸಂಶಯ ಬಂದಿತ್ತು. ಜ್ವರ ಬಂದ ಫ್ರೆಂಡನ್ನು ಕರೆದುಕೊಂಡು ಬಂದವಳ ಹಾಗೆ ನೀನು ಇರ್ಲಿಲ್ಲ. ಕೇಳ್ಬೇಕಿತ್ತು. ಕೇಳ್ಲಿಲ್ಲ. ಮಕ್ಕಳಿಗೆ ತೋರಿಸ್ಲಿಕ್ಕೆ ನನಗೆ ಒಬ್ಬಳು ಬೇಕಿತ್ತು, ಅಷ್ಟೇ."

ಸೋಮವಾರ ಕಾಲೇಜಿನಲ್ಲಿ ಕೇಳಿ ರಜೆ ಹಾಕಿ ಅವಳು ಶಾಲೆಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಮಿಸ್ರಿಯಾ ತಟ್ಟೆ ತೊಳೆದುಕೊಂಡು ನಲ್ಲಿಯ ಹತ್ತಿರ ನಿಂತಿದ್ದಳು. ಇವಳನ್ನು ಕಂಡವಳೇ ಮುಖ ಬೇರೆ ಕಡೆ ಮಾಡಿದಳು.

"ಸಾರಿ ಅಕ್ಕ" ಎಂದಳು. "ನೀವು ಹೇಳಿದ ಹಾಗೆ ನನಗೆ ಮಾಡ್ಲಿಕ್ಕೆ ಆಗ್ಲಿಲ್ಲ."

ಸಾತ್ವಿಕಾ ಬರುವಾಗ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದ ಮಾತುಗಳೆಲ್ಲ ಆ ಸಾರಿಯ ಎದುರು ವ್ಯರ್ಥವಾದವು. "ನಾನು ಹೇಳಿದ್ದು ಸುಳ್ಳು ಮಿಸ್ರಿಯಾ. ನಾನು ನಗ್ಲಿಲ್ಲ, ಎಣಿಸ್ಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತುಳುವಿನಲ್ಲಿ 'ಎಂಕ್ ಬರ್ಪುಜಿ' ಹೇಳಿ ಓಡಿ ಬಂದೆ. ಮತ್ತೆ ಎರಡು ತಿಂಗಳು ಕಾಲೇಜಿಗೇ ಹೋಗ್ಲಿಲ್ಲ. ನಿಮಗೆ ಹೇಳುವಾಗಲೂ ಹೋಗ್ತಾ ಇರ್ಲಿಲ್ಲ."

ಮಿಸ್ರಿಯಾ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವಳನ್ನೇ ನೋಡಿದಳು. ಮೆಲ್ಲಗೆ ಅವಳ ಕಣ್ಣು ತುಂಬಿ ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

"ಮತ್ತೆ ಯಾಕೆ ಹಾಗೆ ಹೇಳಿದ್ರಿ?"

"ನಾಚಿಕೆ ಆಯ್ತು."

"ನನಗೆ ಆಗ್ಲಿಲ್ವಾ? ಇಡೀ ತಾಲೂಕಿನ ಎದುರು? ಕ್ಲಾಸಲ್ಲಿ ಎಲ್ಲರೂ ಹೇಳ್ತಾರೆ, ಅಕ್ಕ ಅಷ್ಟು ಸುಲಭ ಮಾಡಿ ಹೇಳಿಕೊಟ್ಟದ್ದು ಅವಳಿಗೆ ಮಾಡ್ಲಿಕ್ಕೆ ಬರ್ಲಿಲ್ಲ ಅಂತ. ಮನೆಯಲ್ಲಿ ಬಾಪ ಎಂತ ಹೇಳ್ಲಿಲ್ಲ, ಆದ್ರೆ ಎರಡು ದಿನ ನನ್ನ ಮುಖ ನೋಡ್ಲಿಲ್ಲ."

ತಪ್ಪಾಯಿತು ಎಂದಳು ಸಾತ್ವಿಕಾ. ಅದು ಸಾಲದೆಂದು ಇಬ್ಬರಿಗೂ ಗೊತ್ತಿತ್ತು.

"ನನಗೆ ಒಬ್ಬಳಿಗೆ ಹೇಳಿದ್ರೆ ಎಂತ ಪ್ರಯೋಜನ?" ಎಂದಳು ಮಿಸ್ರಿಯಾ, ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡು. "ಅವರಿಗೆ ಹೇಳಿ."

ಬೆಲ್ ಹೊಡೆದ ಮೇಲೆ ಮಾಸ್ಟ್ರು ಅವಳಿಗೆ ತರಗತಿ ಬಿಟ್ಟುಕೊಟ್ಟು, ತಾವು ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ಮಕ್ಕಳು ಎದ್ದು ನಮಸ್ತೆ ಎಂದರು. ಸಾತ್ವಿಕಾ ಮೇಜಿನ ಅಂಚು ಹಿಡಿದುಕೊಂಡು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಆಸ್ಪತ್ರೆಯ ಬೆಂಚಿನ ವಿಷಯ ಹೇಳಿದಳು, ಅಪ್ಪನ ಫೋನಿನಲ್ಲಿದ್ದದ್ದನ್ನು ತಪ್ಪು ಓದಿ ಹೇಳಿದ್ದನ್ನೂ ಬಿಡಲಿಲ್ಲ. ಎರಡು ಮೂರು ಕಡೆ ಮಾತು ನಿಂತಿತು. ಹಿಂದಿನಿಂದ ಒಬ್ಬ ಹುಡುಗ ಕಿಸಕ್ಕನೆ ನಕ್ಕ, ಮಾಸ್ಟ್ರು ಅವನನ್ನು ಗದರಿಸಲಿಲ್ಲ. "ಮಿಸ್ರಿಯಾ ನಾನು ಹೇಳಿದ್ದನ್ನು ಸರಿಯಾಗಿಯೇ ಮಾಡಿದ್ದಾಳೆ. ಹೇಳಿದ್ದೇ ಸರಿ ಇರ್ಲಿಲ್ಲ" ಎಂದು ಮುಗಿಸಿದಳು.

ಮಿಸ್ರಿಯಾ ಅವಳ ಕಡೆ ನೋಡದೆ ಬೆಂಚಿನ ಮರವನ್ನು ಉಗುರಿನಿಂದ ಕೆರೆಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

"ಈಗ ಹೋಗ್ತೀರಾ ಕಾಲೇಜಿಗೆ? ನಿಜ ಹೇಳಿ."

"ಹೋಗ್ತೇನೆ."

"ಇಂಗ್ಲಿಷಿನಲ್ಲಿ ಮಾತಾಡ್ತೀರಾ?"

"ಚೀಟಿ ನೋಡಿ ಓದ್ತೇನೆ. ಕೈ ನಡುಗ್ತದೆ."

"ಎಷ್ಟು ವಾಕ್ಯ?"

"ಆರು."

ಮಿಸ್ರಿಯಾ ಯೋಚಿಸಿದಳು. "ನಾನು ಸ್ಟೇಜಿನಲ್ಲಿ ಒಂಬತ್ತು ಹೇಳಿದ್ದೆ, ಮರೆಯುವ ಮೊದಲು" ಎಂದಳು, ಇನ್ನೂ ಸಿಟ್ಟಿನಲ್ಲೇ.